ಕೋಸಿನ ಕುಂಡದಲ್ಲಿ ಹಿರೀಕರ ಕಂಬಳಿ

ನಂದಗುಡಿಯಿಂದ ಎರಡು ಮೈಲಿ ಆಚೆಗಿದ್ದ ಆ ಊರಿನಲ್ಲಿ ಚಿಕ್ಕವೆಂಕಟಪ್ಪ ಬಾರದೆ ಒಂದು ನ್ಯಾಯವೂ ತೀರುತ್ತಿರಲಿಲ್ಲ, ಒಂದು ಮದುವೆ ಮಾತೂ ಶುರುವಾಗುತ್ತಿರಲಿಲ್ಲ. ಹೀಗೆಂದ ಕೂಡಲೇ ಅವನೊಬ್ಬ ದೊಡ್ಡ ತಲೆಯೆಂದು ನೀವು ತಿಳಿದುಕೊಂಡರೆ ಅದಕ್ಕೆ ನಾನು ಜವಾಬ್ದಾರನಲ್ಲ. ಅವನ ಮಾತನ್ನು ಅವನ ಮನೆಯ ಎಮ್ಮೆ ಕೂಡ ಕೇಳುತ್ತಿರಲಿಲ್ಲ. ಊರಿಗೆ ಬೇಕಾಗಿದ್ದದ್ದು ಅವನ ಹೆಗಲ ಮೇಲಿನ ಕಂಬಳಿ.

ಅದು ಹಿರೀಕರ ಕಂಬಳಿ. ಅವನ ಮುತ್ತಾತನ ಕಾಲದ್ದು, ಕರಿಕುರಿಯ ಉಣ್ಣೆಯದ್ದು. ಅರಳಿಕಟ್ಟೆಯ ಮೇಲೆ ಅದನ್ನು ಹಾಸಿದ ಮೇಲೇ ನ್ಯಾಯ. ಅದರ ಮೇಲೆ ಬರಿಗಾಲಲ್ಲಿ ನಿಂತು ಸುಳ್ಳು ಹೇಳಿದವನು ಆ ಊರಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ಎರಡು ವರ್ಷದ ಹಿಂದೆ ಬೈರಣ್ಣ ಎಂಬ ಗಟ್ಟಿ ಗಂಟಲಿನ ಆಸಾಮಿ, ಪಕ್ಕದ ಮನೆಯ ಹೋತವನ್ನು ತಾನು ಕದ್ದೇ ಇಲ್ಲವೆಂದು ಬೀದಿಯುದ್ದಕ್ಕೂ ಕೂಗಾಡಿಕೊಂಡು ಕಟ್ಟೆಗೆ ಬಂದ. ಚಪ್ಪಲಿ ಬಿಟ್ಟ, ಕಂಬಳಿಯ ಮೇಲೆ ಕಾಲಿಟ್ಟ. ಉಣ್ಣೆ ಅಂಗಾಲಿಗೆ ಚುಚ್ಚಿತೋ ಏನಾಯಿತೋ, "ಹೋತ... ಹೋತ..." ಎಂದು ಎರಡು ಸಲ ತೊದಲಿ, "ಒಂದು ತೊಡೆ ಇನ್ನೂ ಮನೇಲೈತೆ, ಕೊಟ್ಬಿಡ್ತೀನಿ" ಅಂದುಬಿಟ್ಟ.

ಇಂಥ ಕಂಬಳಿಯನ್ನು ಬೇವಿನ ಸೊಪ್ಪು ಹಾಕಿ ಅಟ್ಟದ ಮೇಲೆ ಮಡಿಚಿಡುವುದು, ಕರೆ ಬಂದಾಗ ಹೆಗಲಿಗೇರಿಸಿಕೊಂಡು ಹೋಗಿ ಹಾಸುವುದು, ಮುಗಿದ ಮೇಲೆ ಕೊಡವಿ ತರುವುದು, ಇದು ಚಿಕ್ಕವೆಂಕಟಪ್ಪನ ಮನೆತನದ ಹಕ್ಕು. ಅವನಿಗೋ ಈ ಹಕ್ಕಿನ ಮೇಲೆ ಎಲ್ಲಿಲ್ಲದ ಸಿಟ್ಟು. ಏಕೆಂದರೆ ಕಟ್ಟೆಯಲ್ಲಿ ಕಾದು ಕೂತವರು "ಕಂಬಳಿ ಬಂತೇನ್ರೋ?" ಎಂದು ಕೂಗುತ್ತಿದ್ದರೇ ಹೊರತು "ಚಿಕ್ಕವೆಂಕಟಪ್ಪ ಬಂದ್ನೇನ್ರೋ?" ಎಂದು ಒಬ್ಬನೂ ಕೇಳುತ್ತಿರಲಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಂತೂ ಯಾರೋ ಪುಣ್ಯಾತ್ಮರು "ಲೇ, ಕಂಬಳಿಗೊಂದು ಎಲೆ ಹಾಕ್ರೋ!" ಎಂದು ಕೂಗಿ, ಅವನು ತುತ್ತು ನುಂಗುವುದಕ್ಕೂ ಆಗದ ಹಾಗೆ ಮಾಡಿದ್ದರು.

ಹೀಗಿರುವಾಗ ಒಂದು ಸೋಮವಾರ ಗ್ರಾಮಸೇವಕ ಆದಿನಾರಾಯಣಪ್ಪ ಸೈಕಲ್ಲಿನಲ್ಲಿ ಬಂದು, ಪ್ಯಾಂಟಿನ ಕ್ಲಿಪ್ಪು ಬಿಚ್ಚಿ, ಶಾಲೆಯ ಜಗಲಿಯ ಮೇಲೆ ಊರವರನ್ನು ಸೇರಿಸಿದರು. ಆರು ವಾರಕ್ಕೆ ಹೊಸಕೋಟೆಯಲ್ಲಿ ತರಕಾರಿ ಸಸಿಗಳ ಪ್ರದರ್ಶನವಂತೆ. ಚೆನ್ನಾದ ಸಸಿ ತಂದವರಿಗೆ "ಪ್ರಗತಿಪರ ರೈತ" ಎಂದು ಹೆಸರು ಬರೆದು, ಸೀಲು ಹೊಡೆದು, ಪತ್ರ ಕೊಡುತ್ತಾರಂತೆ.

"ಕುರಿ ಕೂದಲು ಕತ್ತರಿಸ್ದಾಗ ಕೊಳೆ ಉಣ್ಣೆ ಬಿಸಾಕ್ತೀರಲ್ಲ, ಅದು ಬಂಗಾರ ಕಣ್ರಪ್ಪಾ" ಎಂದರು ಆದಿನಾರಾಯಣಪ್ಪ. "ಸಣ್ಣಗೆ ಕತ್ತರಿಸಿ ಕೆರೆಗೋಡು ಮಣ್ಣು, ಮರಳು, ಹಳೇ ಗೊಬ್ಬರದ ಜೊತೆ ಕಲಸಿ. ಅದ್ರಲ್ಲಿ ಬೀಜ ಹಾಕಿ. ಉಣ್ಣೆ ನೀರು ಹಿಡ್ಕೊಳತ್ತೆ. ಮೂರು ದಿನಕ್ಕೊಂದ್ಸಲ ನೀರು ಹಾಕಿದ್ರೂ ಸಾಕು. ಆಮೇಲೆ ಅದೇ ಕರಗಿ ಗೊಬ್ಬರ ಆಗತ್ತೆ."

ಹೆಸರು, ಸೀಲು ಎಂಬ ಎರಡು ಮಾತು ಕಿವಿಗೆ ಬಿದ್ದ ಮೇಲೆ ಚಿಕ್ಕವೆಂಕಟಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ನಿಂತು "ನನ್ನ ಹೆಸರು ಬರ್ಕೊಳ್ಳಿ ಸ್ವಾಮಿ" ಅಂದ.

"ಏನಪ್ಪಾ ನಿನ್ನ ಹೆಸರು?"

ಅವನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಬೈರಣ್ಣ "ಕಂಬಳಿ ಅಂತ ಬರ್ಕೊಳ್ಳಿ ಸಾರ್!" ಅಂದ. ಜಗಲಿಗೆ ಜಗಲಿಯೇ ನಕ್ಕಿತು. ಆವತ್ತು ಆ ನಗು ಏಳದೇ ಹೋಗಿದ್ದರೆ ಮುಂದಿನ ಅನಾಹುತ ಒಂದೂ ಆಗುತ್ತಿರಲಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಮಾರನೆಯ ದಿನವೇ ಅವನು ಕುರಿಹಟ್ಟಿಗೆ ಹೋದ. ಹೋದ ತಿಂಗಳೇ ಕುರಿಗಳ ಕೂದಲು ಕತ್ತರಿಸಿ ಆಗಿತ್ತು. ಇದ್ದಬದ್ದ ಉಣ್ಣೆಯೆಲ್ಲ ನೇಯುವವರ ಮನೆ ಸೇರಿತ್ತು. ಕುರಿಯವರು ನುಣ್ಣಗಿದ್ದ ತಮ್ಮ ಕುರಿಗಳನ್ನು ತೋರಿಸಿ, "ಇನ್ನು ನಾಕು ತಿಂಗಳು ಬಿಟ್ಟು ಬಾರಪ್ಪಾ" ಅಂದರು. ಆರು ವಾರದ ಪ್ರದರ್ಶನಕ್ಕೆ ನಾಲ್ಕು ತಿಂಗಳ ಉಣ್ಣೆ ಎಲ್ಲಿ ಒದಗಬೇಕು? ಸಪ್ಪೆ ಮುಖ ಹಾಕಿಕೊಂಡು ಮನೆಗೆ ಬಂದು, ನಡುಮನೆಯಲ್ಲಿ ಅಂಗಾತ ಮಲಗಿ, ಮೇಲೆ ನೋಡಿದ. ಮೇಲೆ ಅಟ್ಟವಿತ್ತು.

ಹೆಂಡತಿ ಗಂಗಲಕ್ಷ್ಮಮ್ಮ ಮನೆಯಲ್ಲಿದ್ದಿದ್ದರೆ ಅವನ ಕಣ್ಣು ಅಟ್ಟದ ಕಡೆ ಹೊರಳುವುದಕ್ಕೂ ಬಿಡುತ್ತಿರಲಿಲ್ಲ. ಆದರೆ ಅವಳು ಮಗಳ ಬಾಣಂತನಕ್ಕೆಂದು ದೇವನಹಳ್ಳಿಗೆ ಹೋಗಿದ್ದಳು.

ಮೊದಲು ಅವನು ಕತ್ತರಿಸಿದ್ದು ಒಂದು ಗೇಣು ಮಾತ್ರ. ಅದೂ ಹುಳ ತಿಂದ ಮೂಲೆ. ಇದ್ದರೆಷ್ಟು, ಹೋದರೆಷ್ಟು? ನೆನೆಹಾಕಿ, ಎಳೆ ಬಿಡಿಸಿ, ಚೂರು ಮಾಡಿ, ಮಣ್ಣಿನಲ್ಲಿ ಕಲಸಿ ಒಡಕು ಮಡಕೆಗೆ ತುಂಬಿ ಕೋಸಿನ ಬೀಜ ಹಾಕಿದ. ಪಕ್ಕದಲ್ಲಿ ಉಣ್ಣೆಯಿಲ್ಲದ ಇನ್ನೊಂದು ಮಡಕೆ ಇಟ್ಟ. ಹತ್ತು ದಿನ ಕಳೆಯುವಷ್ಟರಲ್ಲಿ ಬರೀ ಮಣ್ಣಿನ ಸಸಿಗಳು ಬಿಸಿಲಿಗೆ ಕತ್ತು ಬಾಗಿಸಿ ನಿಂತಿದ್ದರೆ, ಉಣ್ಣೆಯ ಸಸಿಗಳು ಹಸಿರಾಗಿ, ದಪ್ಪಗೆ, ಮಾವನ ಮನೆಗೆ ಬಂದ ಅಳಿಯಂದಿರ ಹಾಗೆ ಬೀಗುತ್ತಿದ್ದವು. ಗ್ರಾಮಸೇವಕರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದೇ ದೊಡ್ಡ ಫಜೀತಿಯಾಯಿತು.

ಒಂದು ಮೂಲೆ ಹೋದ ಕಂಬಳಿ ಸೊಟ್ಟಗೆ ಕಾಣುತ್ತಿತ್ತು. ನೇರ ಮಾಡೋಣವೆಂದು ಇನ್ನೊಂದು ಮೂಲೆ ಕತ್ತರಿಸಿದ. ಈಗ ಉದ್ದ ಕಮ್ಮಿಯಾಗಿ ಅಗಲ ಹೆಚ್ಚಾಯಿತು. ಅಗಲ ಇಳಿಸಿದ. ಇಷ್ಟು ಚಿಕ್ಕ ಕಂಬಳಿ ತೆಗೆದುಕೊಂಡು ಹೋದರೆ ಊರವರು ನಗುತ್ತಾರಲ್ಲ ಎಂದು ಚಿಂತೆ ಮಾಡುತ್ತ ಮಾಡುತ್ತಲೇ ಉಳಿದದ್ದನ್ನೂ ಕತ್ತರಿಸಿದ. ಕೊನೆಗೆ ಮುಖ ಒರೆಸುವಷ್ಟು ಚೂರು ಉಳಿಯಿತು. ಅದನ್ನಿಟ್ಟುಕೊಂಡು ಏನು ಮಾಡುವುದೆಂದು ಅದನ್ನೂ ಹಾಕಿದ. ಹಿತ್ತಲಲ್ಲಿ ಮಡಕೆ, ಡಬ್ಬ, ಒಡೆದ ಬಾನಿ ಎಲ್ಲ ಸೇರಿ ಮೂವತ್ತೊಂದು ಕುಂಡಗಳಾದವು.

ಪ್ರದರ್ಶನಕ್ಕೆ ಇನ್ನು ಒಂದೂವರೆ ವಾರವಿದೆ ಎನ್ನುವಾಗ, ಒಂದು ಬೆಳಗ್ಗೆ ತಳವಾರ ಪಾಪಯ್ಯ ಬಾಗಿಲಿಗೆ ಬಂದ.

"ನಾಳಿದ್ದು ಕಟ್ಟೇಲಿ ನ್ಯಾಯ ಐತೆ ಕಣಣ್ಣೋ. ಕಂಬಳಿ ಕೊಡವಿ ಇಟ್ಕೋ."

"ಯಾರ್ದು ನ್ಯಾಯ?"

"ಮುತ್ಯಾಲಮ್ಮಂದು, ಬೈರಣ್ಣಂದು."

ಮುತ್ಯಾಲಮ್ಮ ಗಂಡ ಸತ್ತ ಹೆಂಗಸು. ಬೈರಣ್ಣ ಅವಳ ಮೈದುನ. ಇಬ್ಬರ ಹೊಲಕ್ಕೂ ಇದ್ದದ್ದು ಒಂದೇ ಬಾವಿ. ವಾರದಲ್ಲಿ ಮೂರು ದಿನದ ನೀರು ದೊಡ್ಡವನಿಗೆ, ಮಿಕ್ಕದ್ದು ಚಿಕ್ಕವನಿಗೆ ಎಂದು ಅವಳ ಮಾವ ಬಾಯಿಮಾತಲ್ಲಿ ಪಾಲು ಮಾಡಿದ್ದ. ಈಗ ಬೈರಣ್ಣ ಬಾವಿಗೆ ಪಂಪ್‌ಸೆಟ್ ಇಳಿಸಿ, ಅಂಥ ಪಾಲೇ ಆಗಿಲ್ಲ ಅನ್ನುತ್ತಿದ್ದ. ಕಾಗದವಿಲ್ಲ, ಪತ್ರವಿಲ್ಲ, ಸಾಕ್ಷಿಗಳೆಲ್ಲ ಮಣ್ಣಾಗಿ ಹೋಗಿದ್ದರು. ಮುತ್ಯಾಲಮ್ಮ ಕೇಳಿಕೊಂಡದ್ದು ಒಂದೇ ಮಾತು. "ಅವನು ಹಿರೀಕರ ಕಂಬಳಿ ಮೇಲೆ ನಿಂತು 'ನಮ್ಮತ್ತಿಗೆಗೆ ನೀರಲ್ಲಿ ಪಾಲಿಲ್ಲ' ಅನ್ಲಿ. ಅಂದ್ರೆ ನಾನು ಬಾಯಿ ಮುಚ್ಕೊಂಡು ಹೋಗ್ತೀನಿ." ಆ ಮಾತು ಕೇಳಿದ ದಿನದಿಂದ ಬೈರಣ್ಣನ ಗಂಟಲು ಇಳಿದುಹೋಗಿತ್ತು ಅಂತ ಊರವರು ಮುಸಿಮುಸಿ ನಗುತ್ತಿದ್ದರು.

ಚಿಕ್ಕವೆಂಕಟಪ್ಪ ಅಟ್ಟ ಕಾಣದ ಹಾಗೆ ಬಾಗಿಲಿಗೆ ಅಡ್ಡ ನಿಂತ. "ಕಂಬಳಿ ಈಚೆಗೆ ತರೋ ಹಂಗಿಲ್ಲ ಪಾಪಯ್ಯಾ" ಅಂದ.

"ಯಾಕೆ?"

"ಮನೇಗೆ ಸೂತಕ."

"ಅಯ್ಯೋ! ಯಾರು ಹೋದ್ರು?"

ಯಾರು ಹೋದರು ಎಂಬುದನ್ನು ಅವನು ಯೋಚಿಸಿರಲಿಲ್ಲ. ಬಂಧುಗಳನ್ನೆಲ್ಲ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ, ವಯಸ್ಸಿನಲ್ಲಿ ಹಿರಿಯರಾದವರನ್ನು ಆರಿಸಿದ. "ಸಮೇತನಹಳ್ಳಿ ಲಕ್ಷ್ಮಯ್ಯ ದೊಡ್ಡಪ್ಪ."

ಲಕ್ಷ್ಮಯ್ಯನಿಗೆ ಎಂಬತ್ತು ದಾಟಿದ್ದರೂ ಆ ಹೊತ್ತಿಗೆ ಸರಿಯಾಗಿ ಅವನು ಸಮೇತನಹಳ್ಳಿಯಲ್ಲಿ ಎರಡನೆಯ ಮುದ್ದೆ ಮುರಿಯುತ್ತಿದ್ದ.

ತಳವಾರನಿಗೆ ಸುದ್ದಿ ಹೇಳಿ ಗುಟ್ಟಾಗಿಡು ಎನ್ನುವುದು ಆಗದ ಮಾತು. ಅವನ ಕೆಲಸವೇ ಸಾರುವುದು. ಅರ್ಧ ಗಂಟೆಯಲ್ಲಿ ಕೇರಿಯ ಹೆಂಗಸರು ಚಿಕ್ಕವೆಂಕಟಪ್ಪನ ಜಗಲಿಗೆ ಬಂದು ಸೆರಗು ಬಾಯಿಗಿಟ್ಟುಕೊಂಡು ಕೂತರು. ಮಧ್ಯಾಹ್ನದ ಬಸ್ಸಿಗೆ ದೇವನಹಳ್ಳಿಯಿಂದ ಬಂದ ಗಂಗಲಕ್ಷ್ಮಮ್ಮನಿಗೆ ನಂದಗುಡಿಯಲ್ಲೇ ಸುದ್ದಿ ಮುಟ್ಟಿತ್ತು. ಬೀದಿಯ ತುದಿಯಿಂದಲೇ "ನನ್ನ ತಾಳಿ ಮುಂದೆ ನಿಂತು ಕಟ್ಟಿಸ್ದೋನೇ! ನನ್ನ ಕೈತುತ್ತು ಹೊಗಳ್ದೋನೇ!" ಎಂದು ರಾಗ ತೆಗೆದು ಬಂದಳು. ಅವಳ ಅಳು ಕೇಳಿ ಚಿಕ್ಕವೆಂಕಟಪ್ಪನಿಗೂ ದುಃಖ ಒತ್ತರಿಸಿ ಬಂದು ನಿಜವಾಗಿಯೇ ಅತ್ತ. ದೊಡ್ಡಪ್ಪನ ಮೇಲೆ ಅವನಿಗೆ ಪ್ರೀತಿ ಇದ್ದದ್ದು ಸುಳ್ಳಲ್ಲವಲ್ಲ.

ಊರ ಯಜಮಾನ ಮುನಿಶಾಮಪ್ಪ ಬಂದು ಬೆನ್ನು ಸವರಿದ. "ನ್ಯಾಯ ಇರ್ಲಿ ಬಿಡು, ಮುಂದಕ್ಕೆ ಹಾಕೋಣ. ಗಾಡಿ ಕಟ್ತೀನಿ, ಮಣ್ಣಿಗೆ ಹೋಗಿ ಬರೋಣ ನಡಿ."

"ಬೇಡಿ ಯಜಮಾನ್ರೇ, ನಿನ್ನೇನೇ ಮಣ್ಣು ಮಾಡಾಯ್ತಂತೆ."

"ಹಂಗಾದ್ರೆ ನಾಳೆ ಹಾಲುತುಪ್ಪ. ಅದಕ್ಕಾದ್ರೂ ಹೋಗ್ಲೇಬೇಕು. ಅಂಥಾ ಹಿರೀಕ!"

ಹೊಟ್ಟೆನೋವೆಂದು ಹೇಳಿ ಚಿಕ್ಕವೆಂಕಟಪ್ಪ ಗಾಡಿ ಹತ್ತದೆ ಉಳಿದ. ಗಾಡಿಯನ್ನು ತಡೆಯುವ ಉಪಾಯ ಮಾತ್ರ ಹೊಳೆಯಲಿಲ್ಲ. ಮಾರನೆಯ ದಿನ ಬೆಳಗ್ಗೆ ಮುನಿಶಾಮಪ್ಪ, ತಳವಾರ ಪಾಪಯ್ಯ, ಇನ್ನಿಬ್ಬರು ಹಿರಿಯರು ಒಂದು ಸೇವಂತಿಗೆ ಹಾರ ಹಿಡಿದು ಸಮೇತನಹಳ್ಳಿಗೆ ಹೊರಟರು. ಸಂಜೆ ನಾಲ್ಕರ ಹೊತ್ತಿಗೆ ಗಾಡಿ ವಾಪಸು ಬಂತು. ಎತ್ತಿನ ಹಗ್ಗ ಹಿಡಿದು ಮುಂದೆ ಕೂತಿದ್ದವನು ಲಕ್ಷ್ಮಯ್ಯ. ಹಾರ ಅವನ ಕೊರಳಲ್ಲೇ ಇತ್ತು.

ಗಂಗಲಕ್ಷ್ಮಮ್ಮ ಕಿಟಾರನೆ ಕಿರುಚಿ ಒಳಗೆ ಓಡಿದಳು.

"ಏನ್ಲಾ ಮಗನೇ" ಎಂದ ಲಕ್ಷ್ಮಯ್ಯ ಗಾಡಿಯಿಂದಿಳಿಯುತ್ತ, "ನನ್ನ ಹಾಲುತುಪ್ಪಕ್ಕೆ ಊರ್ನೆಲ್ಲಾ ಕರ್ದಿದ್ದೀಯ, ನನಗೊಂದು ಮಾತು ಹೇಳೋದಲ್ವಾ?"

ಬೀದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಚಿಕ್ಕವೆಂಕಟಪ್ಪನೂ ನಕ್ಕ. ಇಷ್ಟಕ್ಕೇ ಮುಗಿದು ಹೋಗಬಾರದಾ ದೇವರೇ, ಎಂದು ಒಳಗೊಳಗೇ ಬೇಡಿಕೊಂಡ. ಅಷ್ಟರಲ್ಲಿ ಮುನಿಶಾಮಪ್ಪ ಕಣ್ಣೊರೆಸಿಕೊಂಡು, "ಸರಿ ಬಿಡು, ಸೂತಕ ಇಲ್ಲಾಂತ ಆಯ್ತು. ನಾಳೆ ಕಂಬಳಿ ತಗೊಂಡ್ ಬಾ" ಅಂದ.

ಚಿಕ್ಕವೆಂಕಟಪ್ಪ ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋದ. ಒಂದು ಕುಂಡದ ಅಂಚಿನಲ್ಲಿ ಬೆರಳಿಟ್ಟು ಮಣ್ಣು ಕೆದಕಿ, ಒಂದು ಚಿಟಿಕೆ ಕರಿ ಉಣ್ಣೆ ಎತ್ತಿ ತೋರಿಸಿದ.

"ಇದೇನ್ಲಾ?" ಅಂದ ಮುನಿಶಾಮಪ್ಪ.

"ಕಂಬಳಿ."

"ಮಿಕ್ಕಿದ್ದು?"

ಅವನು ಮಿಕ್ಕ ಮೂವತ್ತು ಕುಂಡಗಳ ಕಡೆ ಕೈ ತೋರಿಸಿದ. ಈ ಸಲ ಯಾರೂ ನಗಲಿಲ್ಲ. ಲಕ್ಷ್ಮಯ್ಯ ಕೊರಳಿನ ಹಾರ ತೆಗೆದು ಬೇಲಿಗೆ ಸಿಕ್ಕಿಸಿ, ಅಲ್ಲೇ ನೆಲದ ಮೇಲೆ ಕೂತ.

"ನನ್ನ ಸಾಯಿಸಿದ್ದಕ್ಕೆ ಬೇಜಾರಿಲ್ಲ ಕಣೋ ಚಿಕ್ಕೆಂಕಟಾ. ನಿಮ್ಮಪ್ಪ ಪ್ರಾಣ ಬಿಡೋ ಮುಂಚೆ, ಅಣ್ಣಾ, ಕಂಬಳಿನ ಹುಡುಗನ ಹೆಗಲಿಗೆ ನೀನೇ ಹಾಕು ಅಂದ. ಅವನ ಮಾತು ಅಂತ ನಾನೇ ತಂದು ಹಾಕ್ದೆ. ನಿನ್ನ ಸುದ್ದಿ ನಿಜ ಆಗಿದ್ದಿದ್ರೆ ಚೆನ್ನಾಗಿತ್ತು. ಇದನ್ನ ನೋಡೋ ಕರ್ಮ ತಪ್ತಿತ್ತು."

"ಹೆಸರಿಗೆ ಆಸೆ ಬಿದ್ದೆ ದೊಡ್ಡಪ್ಪಾ" ಅಂದ ಚಿಕ್ಕವೆಂಕಟಪ್ಪ.

ಮಾರನೆಯ ದಿನ ಕಟ್ಟೆಯಲ್ಲಿ ಮೊದಲು ನಡೆದದ್ದೇ ಕಂಬಳಿಯ ಚರ್ಚೆ. ಬೇರೆ ಕಂಬಳಿ ತರಿಸೋಣ ಎಂದರು ಒಬ್ಬರು. ಬೈರಣ್ಣನ ಗಂಟಲು ಅಷ್ಟರಲ್ಲಿ ಪೂರ್ತಿ ವಾಸಿಯಾಗಿತ್ತು. "ಅಂಗಡಿ ಕಂಬಳಿ ಮೇಲೆ ನಾನ್ಯಾಕೆ ನಿಂತ್ಕೊಳ್ಲಿ? ಅದೇನು ನಮ್ಮ ಹಿರೀಕರದ್ದಾ?" ಅಂದ. ಹಾಗಾದರೆ ನ್ಯಾಯವೇ ಬೇಡ ಎಂದರು ಇನ್ನೊಬ್ಬರು. ಆಗ ಮುತ್ಯಾಲಮ್ಮ ಎದ್ದು ನಿಂತಳು.

"ಮಣ್ಣಲ್ಲಿದ್ರೂ ಅದು ಅದೇ ಕಂಬಳಿ ತಾನೇ ಸ್ವಾಮೀ? ಆ ಕುಂಡಗಳನ್ನೇ ತರ್ಸಿ. ಅದನ್ನ ಮುಟ್ಟಿ ಹೇಳ್ಲಿ. ನನಗೆ ನಂಬಿಕೆ ಐತೆ."

ಹೀಗೆ ಮೂವತ್ತೊಂದು ಕುಂಡಗಳು ಮೆರವಣಿಗೆಯಲ್ಲಿ ಕಟ್ಟೆಗೆ ಬಂದವು. ಕಂಬಳಿ ಹಾಸುವ ಜಾಗದಲ್ಲಿ ಸಾಲಾಗಿ ಕೂತವು. ಪಂಚರಿಗೆ ಜಾಗ ಸಾಲದೆ ಮುನಿಶಾಮಪ್ಪನ ಮಂಡಿಗಳ ನಡುವೆ ಒಂದು ಡಬ್ಬ, ಹಿರಿಯರೊಬ್ಬರ ಮಡಿಲಲ್ಲಿ ಒಂದು ಮಡಕೆ. ಕೋಸಿನ ಸಸಿಗಳು ಗಾಳಿಗೆ ತಲೆಯಾಡಿಸುತ್ತ, ನ್ಯಾಯ ಕೇಳಲು ಅವೂ ಬಂದಿರುವಂತೆ ಕಾಣುತ್ತಿದ್ದವು. ಜನ ನಗು ತಡೆದುಕೊಳ್ಳಲು ತುಟಿ ಕಚ್ಚಿಕೊಂಡರು. ಚಿಕ್ಕವೆಂಕಟಪ್ಪ ತಲೆ ತಗ್ಗಿಸಿ ಕೂತಿದ್ದರೂ ಒಂದು ಕಣ್ಣು ಸಸಿಗಳ ಮೇಲೇ ಇತ್ತು. ಪ್ರದರ್ಶನಕ್ಕೆ ಇನ್ನು ಎಂಟೇ ದಿನ.

"ಬೈರಣ್ಣಾ, ಬಾ" ಅಂದ ಮುನಿಶಾಮಪ್ಪ.

ಬೈರಣ್ಣ ಚಪ್ಪಲಿ ಬಿಟ್ಟ. ಮುಂದೆ ಬಂದ. ಕಂಬಳಿಯ ಮೇಲೆ ನಿಲ್ಲುವ ಅಭ್ಯಾಸವಾದ್ದರಿಂದಲೋ ಏನೋ, ಬಲಗಾಲು ಎತ್ತಿ ಒಂದು ಕುಂಡದ ಮೇಲೆ ಹಿಡಿದ. ಕಾಲು ಗಡಗಡ ನಡುಗುತ್ತಿತ್ತು. ಎಲ್ಲರೂ ನೋಡಿದರು. ಮುತ್ಯಾಲಮ್ಮ ಕೈಮುಗಿದು ನಿಂತಳು. ಇನ್ನೊಂದು ಗಳಿಗೆ ಹಾಗೇ ಇದ್ದಿದ್ದರೆ ಆ ಮನುಷ್ಯನ ಬಾಯಿಂದ ನಿಜ ಉದುರಿಬಿಡುತ್ತಿತ್ತು.

"ಸಸಿ! ಸಸಿ! ಲೇ ಬೈರಾ, ನನ್ನ ಸಸಿ ಕಣೋ!" ಎಂದು ಚಿಕ್ಕವೆಂಕಟಪ್ಪ ಕೂಗಿ, ಎದ್ದು ಬಂದು ಕುಂಡದ ಮೇಲೆ ಬೋರಲು ಬಿದ್ದ.

ಬೆಳಗಿನಿಂದ ತಡೆದಿಟ್ಟಿದ್ದ ನಗುವೆಲ್ಲ ಒಮ್ಮೆಗೇ ಕಟ್ಟೆ ಒಡೆಯಿತು. ಪಂಚರು ನಕ್ಕರು, ತಳವಾರ ನಕ್ಕ, ಹಿರಿಯರ ಮಡಿಲಿನ ಮಡಕೆ ಕುಣಿಯಿತು. ಬೈರಣ್ಣನೂ ನಕ್ಕ. ನಗುನಗುತ್ತಲೇ ಕಾಲು ಕೆಳಗಿಟ್ಟು, ಬಗ್ಗಿ, ಒಂದು ಕೋಸಿನ ಎಲೆಯನ್ನು ಕಿರುಬೆರಳಲ್ಲಿ ಮುಟ್ಟಿ, "ನಮ್ಮತ್ತಿಗೆಗೆ ನೀರಲ್ಲಿ ಪಾಲಿಲ್ಲ" ಅಂದ. ನಾಲಗೆ ಒಂದಿಷ್ಟೂ ತೊದಲಲಿಲ್ಲ.

ನಗು ನಿಂತಿತು. ಆದರೆ ಮಾತು ಆಡಿ ಆಗಿತ್ತು. ಮುತ್ಯಾಲಮ್ಮ ಮುಗಿದ ಕೈಯನ್ನು ನಿಧಾನವಾಗಿ ಇಳಿಸಿದಳು. ಸೀರೆಯ ಧೂಳು ಕೊಡವಿಕೊಂಡು, ತಾನು ಹೇಳಿದ್ದ ಹಾಗೇ ಬಾಯಿ ಮುಚ್ಚಿಕೊಂಡು ಮನೆಗೆ ಹೋದಳು.

ಚಿಕ್ಕವೆಂಕಟಪ್ಪ ಮುನಿಶಾಮಪ್ಪನ ಕಾಲು ಹಿಡಿದ. ಇನ್ನೊಂದು ಸಲ ನ್ಯಾಯ ಸೇರಿಸಿ, ಸಸಿ ಎಲ್ಲ ತುಳಿದು ಹಾಕಲಿ, ನಾನು ಮಾತಾಡಲ್ಲ ಎಂದ. "ಪ್ರಮಾಣ ಒಂದೇ ಸಲ ಕಣಪ್ಪಾ" ಎಂದು ಯಜಮಾನ ಕಾಲು ಬಿಡಿಸಿಕೊಂಡ. ಗಂಗಲಕ್ಷ್ಮಮ್ಮ ಮೂರು ದಿನ ಅವನಿಗೆ ಅನ್ನ ಬಡಿಸಿದಳೇ ಹೊರತು ಮಾತಾಡಲಿಲ್ಲ. ನಾಲ್ಕನೆಯ ದಿನ "ಆ ಹೆಂಗಸಿನ ಕಣ್ಣೀರು ನಮ್ಮನೆ ಮೇಲೆ ತಂದ್ಯಲ್ಲಯ್ಯಾ" ಅಂದಳು. ಅದಕ್ಕಿಂತ ಮಾತಾಡದಿರುವುದೇ ವಾಸಿಯಾಗಿತ್ತು.

ಹೊಸಕೋಟೆಯ ಪ್ರದರ್ಶನದಲ್ಲಿ ಅವನ ಸಸಿಗಳಿಗೆ ಮೊದಲನೆಯ ಸ್ಥಾನ ಬಂತು. ಬರದೆ ಏನು, ಅಂಥ ಸಸಿ ತಾಲ್ಲೂಕಿನಲ್ಲೇ ಇರಲಿಲ್ಲ. ದೊಡ್ಡ ಅಧಿಕಾರಿಗಳು ಮೈಕಿನಲ್ಲಿ ಅವನ ಹೆಸರನ್ನು ಎರಡು ಸಲ ಕೂಗಿದರು. ಚಪ್ಪಾಳೆ ತಟ್ಟಿದವರು ಆದಿನಾರಾಯಣಪ್ಪನವರು ಮತ್ತು ಗುರುತಿಲ್ಲದ ಜನ. ಊರಿನಿಂದ ಒಬ್ಬರೂ ಹೋಗಿರಲಿಲ್ಲ. ಪತ್ರವನ್ನು ತಂದು ಎಲ್ಲಿಡುವುದೆಂದು ತೋಚದೆ ಅಟ್ಟದ ಮೇಲೆ, ಬೇವಿನ ಸೊಪ್ಪು ಒಣಗಿ ಬಿದ್ದಿದ್ದ ಕಡೆ ಇಟ್ಟ. ಆಮೇಲೆ ಕಟ್ಟೆಯಲ್ಲಿ ನ್ಯಾಯ ಸೇರಿದಾಗ ಶಾಲೆಯ ಜಮಖಾನ ಹಾಸತೊಡಗಿದರು. ಅದರ ಮೇಲೆ ನಿಂತು ಜನ ಆರಾಮವಾಗಿ ಸುಳ್ಳು ಹೇಳಿದರು. ತಳವಾರ ಪಾಪಯ್ಯ ಇವನ ಬಾಗಿಲ ಮುಂದೆಯೇ ಹಾದು ಹೋಗುತ್ತಿದ್ದ, ನಿಲ್ಲುತ್ತಿರಲಿಲ್ಲ.

ಒಂದು ದಿನ ಹಿತ್ತಲ ಬೇಲಿಯಾಚೆ ಮುತ್ಯಾಲಮ್ಮ ಬಂದು ನಿಂತಳು. ಚಿಕ್ಕವೆಂಕಟಪ್ಪನಿಗೆ ಓಡಿಹೋಗಬೇಕೆನ್ನಿಸಿತು.

"ಮಿಕ್ಕಿದ್ರೆ ನನಗೂ ನಾಕು ಸಸಿ ಕೊಡಪ್ಪಾ."

"ಎಲ್ಲಾ ತಗೊಂಡೋಗಕ್ಕಾ" ಎಂದು ಅವನು ತಡಬಡಾಯಿಸಿದ. ಆಮೇಲೆ ಕೇಳಬಾರದ್ದನ್ನೇ ಕೇಳಿದ. "ಆದ್ರೆ... ನೀರು?"

"ಗ್ರಾಮಸೇವಕ್ರೇ ಹೇಳಿದ್ರಂತಲ್ಲಪ್ಪಾ, ಉಣ್ಣೆ ನೀರು ಹಿಡ್ಕೊಳತ್ತೆ, ಮೂರು ದಿನಕ್ಕೊಂದ್ಸಲ ಹಾಕಿದ್ರೆ ಸಾಕು ಅಂತ. ನನಗೆ ಇನ್ನು ಮೇಲೆ ಅಷ್ಟೂ ಸಿಗೋದು ಅನುಮಾನ. ಅದಕ್ಕೇ ಕೇಳ್ದೆ."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ನಿಜವಾಗಿಯೂ ನೀರು ಉಳಿಯುತ್ತದೆಂದು ನಂಬಿ, ಒಂದೊಂದೇ ಸಸಿಯನ್ನು ಬೇರಿಗೆ ಸುತ್ತಿಕೊಂಡ ಕರಿ ಎಳೆ ಬಿಡದ ಹಾಗೆ ಜೋಪಾನವಾಗಿ ಎತ್ತಿ ಮಡಿಲಿಗೆ ಹಾಕಿಕೊಂಡು ಹೋದಳು.

ಮಾರನೆಯ ಬೆಳಗ್ಗೆಯಿಂದ ಚಿಕ್ಕವೆಂಕಟಪ್ಪ ತನ್ನ ಬಾವಿಯಿಂದ ಒಂದು ಕೊಡ ನೀರು ಸೇದಿ, ಹೆಗಲ ಮೇಲಿಟ್ಟುಕೊಂಡು, ಊರ ಬೀದಿಯಲ್ಲೇ ನಡೆದು ಮುತ್ಯಾಲಮ್ಮನ ಹೊಲಕ್ಕೆ ಹೋಗತೊಡಗಿದ. ಒಂದು ಕೊಡ ನೀರಿಗೆ ಹೊಲ ನೆನೆಯುವುದಿಲ್ಲ, ನಾಲ್ಕು ಕೋಸು ನೆನೆಯುತ್ತವೆ, ಅಷ್ಟೇ. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಕಳೆ ಕೀಳುತ್ತ ಕೂತಿದ್ದ ಅವಳು ಕಾಲಿನ ಸಪ್ಪಳ ಕೇಳಿ, ತಲೆಯೆತ್ತದೆಯೇ, ಅವನ ಹೆಸರೆತ್ತದೆಯೇ ಕೇಳುತ್ತಿದ್ದಳು.

"ನೀರು ಬಂತಾ?"

"ಬಂತಕ್ಕಾ" ಅನ್ನುತ್ತಿದ್ದ ಚಿಕ್ಕವೆಂಕಟಪ್ಪ.